ಗಟ್ಟಿಯಾಗದ ಗಿಣ್ಣು

ಮುಚ್ಚಳ ತೆಗೆದಾಗ ಆವಿ ಮುಖಕ್ಕೆ ಹೊಡೆಯಿತು. ಆವಿ ಸರಿದ ಮೇಲೂ ತಟ್ಟೆಯೊಳಗಿನದು ಅಲುಗಾಡುತ್ತಲೇ ಇತ್ತು. ದೀಪಿಕ ಚಾಕುವಿನ ತುದಿ ಇಳಿಸಿ ಒಂದು ಗೆರೆ ಎಳೆದಳು. ಗೆರೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಬೆಲ್ಲದ ಬಣ್ಣದ ನೀರು ನಿಧಾನವಾಗಿ ಬಂದು ಅದನ್ನು ಮುಚ್ಚಿಕೊಂಡಿತು. ಅಲ್ಲೊಂದು ಇಲ್ಲೊಂದು ಒಡೆದ ಬಿಳಿ ಹರಳು ತೇಲಿದವು, ಅಷ್ಟೆ. ಮತ್ತೆ ಮುಚ್ಚಳ ಮುಚ್ಚಿ ಉರಿ ಏರಿಸಿದಳು. ಉರಿ ಏರಿಸಿದರೆ ಆಗುವಂಥದಲ್ಲ ಎಂದು ಅವಳಿಗೇ ಗೊತ್ತಿತ್ತು. ಆದರೂ ಹಜಾರದಲ್ಲಿ ಮೊಮ್ಮಗ ಗಗನನನ್ನು ತೊಡೆಯ ಮೇಲೆ ಕೂರಿಸಿಕೊಂಡು ಗೋಡೆಗೊರಗಿದ್ದ ಅತ್ತೆ ಚಿಕ್ಕಬೋರಮ್ಮನಿಗೆ ಮುಚ್ಚಳದ ಸದ್ದು ಕೇಳಲಿ, ಒಳಗೆ ಏನೋ ಬೇಯುತ್ತಿದೆ ಎಂದುಕೊಳ್ಳಲಿ ಎಂದು ಅದನ್ನು ಸ್ವಲ್ಪ ಜೋರಾಗಿಯೇ ಕುಕ್ಕಿದಳು. ಎದುರಿನ ಖಾಲಿ ಸೈಟಿನಲ್ಲಿ ಮೊನ್ನೆ ಹಸು ಕರು ಹಾಕಿದ ಸುದ್ದಿಯನ್ನು ಮಗಳು ಲಿಖಿತ ಫೋನಿನಲ್ಲಿ ಕಿರುಚಿ ಹೇಳಿದ್ದೇ ತಡ, ಅತ್ತೆ ಮಳವಳ್ಳಿ ಬಸ್ಸು ಹತ್ತಿ ಬಂದಿದ್ದರು, ಸೆರಗಿನಲ್ಲಿ ಬೆಲ್ಲ ಕಟ್ಟಿಕೊಂಡು. ಮೊಮ್ಮಕ್ಕಳನ್ನು ನೋಡಲು ಎಂದು ಬಾಯಿ ಹೇಳಿತಾದರೂ ಕಣ್ಣು ಮೊದಲು ಹೋದದ್ದು ಅಡುಗೆಮನೆಯ ಕಡೆಗೆ.

ಬೆಳಿಗ್ಗೆ ಪಕ್ಕದ ಮನೆಯ ವೀಣ ಕಾಂಪೌಂಡಿನ ಮೇಲಿಂದ ತನ್ನ ತಟ್ಟೆ ತೋರಿಸಿದ್ದಳು. ಬರ್ಫಿಯ ಹಾಗೆ ಕುಯ್ದಿದ್ದಳು. ಅಂಚು ಮುರಿದಿರಲಿಲ್ಲ, ಏಲಕ್ಕಿಪುಡಿ ಮೇಲೆ ನಿಂತಿತ್ತು. ಅದೇ ಹಸು, ಅದನ್ನು ಸಾಕಿದ ಅದೇ ಮುದುಕಿ ಇಂದ್ರಮ್ಮ, ಅದೇ ಹೊತ್ತಿಗೆ ಮನೆಮನೆಗೆ ಚೊಂಬಿನಲ್ಲಿ ಹಂಚಿದ ಗಿಣ್ಣು. ವೀಣನ ಮನೆಯಲ್ಲಿ ಗಟ್ಟಿಯಾದದ್ದು ತನ್ನ ಮನೆಯಲ್ಲಿ ಯಾಕೆ ಆಗಲಿಲ್ಲ ಎಂಬ ಪ್ರಶ್ನೆಗೆ ದೀಪಿಕನ ಹತ್ತಿರ ಉತ್ತರವೊಂದು ಸಿದ್ಧವಾಗಿತ್ತು. ಆ ಉತ್ತರವನ್ನು ಅವಳು ನೇರವಾಗಿ ನೋಡಲಾರದೆ, ಕಿಟಕಿಯಾಚೆ ಸಕ್ಕರೆ ಕಾರ್ಖಾನೆಯ ಕಡೆಯಿಂದ ಬರುತ್ತಿದ್ದ ಹುಳಿಹುಳಿ ಸಿಹಿ ವಾಸನೆಯನ್ನು ನೋಡುವವಳಂತೆ ನಿಂತಿದ್ದಳು. ಮುದುಕಿಗೆ ಗೊತ್ತಾಗಿದೆ. ಗೊತ್ತಾಗಿ, ಬಾಯಿಬಿಟ್ಟು ಹೇಳದೆ, ಚೊಂಬಿನಲ್ಲಿ ಹೇಳಿ ಕಳಿಸಿದ್ದಾಳೆ.

ಕಿಟಕಿಯ ಕೆಳಗೆ ಅವಳ ಗಿಡಗಳಿದ್ದವು. ಪೇಂಟಿನ ಹಳೇ ಡಬ್ಬಗಳಲ್ಲಿ ಟೊಮೇಟೊ, ಗಗನನ ಒಡೆದ ಟಬ್ಬಿನಲ್ಲಿ ಮೆಂತ್ಯ, ಗೋಡೆಯುದ್ದಕ್ಕೆ ಹಳೇ ಸೀರೆಯ ಅಂಚನ್ನು ಹಗ್ಗ ಮಾಡಿ ಹಬ್ಬಿಸಿದ ಹೀರೆಬಳ್ಳಿ. ವಿ.ಸಿ. ಫಾರಂನ ಕೃಷಿ ಮೇಳಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ ಸಸಿ ತಂದ ದಿನ ಅವಳು ಎಷ್ಟು ಹಗುರಾಗಿದ್ದಳು. ಒಬ್ಬನ ಸಂಬಳದಲ್ಲಿ ನಡೆಯುವ ಮನೆಯಲ್ಲಿ ತನ್ನ ಕೈಯಿಂದಲೂ ಏನೋ ಹುಟ್ಟುತ್ತದೆ ಎಂಬ ಸುಖ ಅದು. ಮದ್ದೂರಿನಲ್ಲಿ ಕೆಲಸ ಮಾಡುವ ಗಂಡ ಯತೀಶ್ ತನ್ನ ಆಫೀಸಿನವರನ್ನು ಊಟಕ್ಕೆ ಕರೆದಾಗ, ‘ನಮ್ಮನೇಲಿ ಒಂದ್ ಸಿಪ್ಪೆನೂ ವೇಸ್ಟ್ ಆಗಲ್ಲ ಕಣ್ರೀ, ಇವ್ಳು ಅದ್ರಲ್ಲೂ ಗಿಡ ಬೆಳಸ್ತಾಳೆ’ ಎಂದಿದ್ದ. ಆ ಮಾತನ್ನು ಅವಳು ಒಡವೆಯ ಹಾಗೆ ಎತ್ತಿಟ್ಟುಕೊಂಡು ಆಗಾಗ ತೆಗೆದು ನೋಡುತ್ತಿದ್ದಳು. ಅಕ್ಕಿ ತೊಳೆದ ನೀರು ಗಿಡಕ್ಕೆ ಅಮೃತ ಎಂದು ಫೋನಿನಲ್ಲಿ ಯಾರೋ ಹೇಳಿದ್ದನ್ನು ಕೇಳಿದ್ದು ಅದಾದ ಮೇಲೆ. ಆದರೆ ಅಕ್ಕಿ ತೊಳೆದ ನೀರಿಗೆ ಆ ಬೀದಿಯಲ್ಲಿ ಆಗಲೇ ಒಬ್ಬರು ಹಕ್ಕುದಾರರಿದ್ದರು. ಇಂದ್ರಮ್ಮ ಬೆಳಿಗ್ಗೆ ಬೀದಿಯುದ್ದಕ್ಕೂ ಬರುತ್ತಿದ್ದಳು. ಪ್ರತಿ ಮನೆಯ ಗೇಟಿನ ಪಕ್ಕ ಅವಳೇ ಇಟ್ಟಿದ್ದ ಬಕೆಟ್ಟು. ಅಕ್ಕಿ ತೊಳೆದದ್ದು, ಗಂಜಿ ಬಸಿದದ್ದು, ತರಕಾರಿ ಸಿಪ್ಪೆ, ಎಲ್ಲ ಸೇರಿದ ಕಲಗಚ್ಚನ್ನು ಎತ್ತಿಕೊಂಡು ಹೋಗಿ ಹಸುವಿಗೆ ಇಡುವಳು. ಕೊಡುವವರಿಗೆ ಕೊಟ್ಟೆ ಎಂಬ ಭಾವ ಇರಲಿಲ್ಲ, ಒಯ್ಯುವವಳಿಗೆ ಬೇಡಿದೆ ಎಂಬ ಭಾವವಿರಲಿಲ್ಲ. ಹಸು ಕರು ಹಾಕಿದಾಗ ಕಲಗಚ್ಚು ಕೊಟ್ಟ ಮನೆಗಳಿಗೆಲ್ಲ ಗಿಣ್ಣು ಬರುತ್ತದೆ. ಮಾತೇ ಇಲ್ಲದ ಲೆಕ್ಕ ಅದು.

ಮೊದಲ ದಿನ ಅವಳು ಅಕ್ಕಿ ತೊಳೆದ ನೀರನ್ನು ಪೂರಾ ಟೊಮೇಟೊ ಬುಡಕ್ಕೆ ಸುರಿದಿದ್ದಳು. ಸುರಿದು ತಿರುಗಿದಾಗ ಗೇಟಿನ ಬಳಿ ಖಾಲಿ ಬಕೆಟ್ಟು ಬಾಯಿ ತೆರೆದು ಅವಳನ್ನೇ ನೋಡುತ್ತಿತ್ತು. ‘ಇನ್ಮೇಲೆ ನಮ್ಮ ಗಿಡಕ್ಕೆ ಬೇಕು ಇಂದ್ರಮ್ಮ’ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಮುದುಕಿ ಒಂದು ವಾರ ಮುಖ ಗಂಟು ಹಾಕಿಕೊಂಡು ಮರೆಯುತ್ತಿದ್ದಳು. ಆದರೆ ಎಂಜಲು ನೀರಿಗೂ ಜಿಪುಣತನ ಮಾಡುವ ಮನೆ ಎಂದು ಬೀದಿಯಲ್ಲಿ ಅನ್ನಿಸಿಕೊಳ್ಳುವುದು ಹೇಗೆ? ಕೊಡದೆ ಇರುವುದಕ್ಕೂ ಧೈರ್ಯ ಬೇಕು. ಅವಳು ಅಕ್ಕಿಯನ್ನು ಇನ್ನೊಮ್ಮೆ ತೊಳೆದು, ಆ ತಿಳಿಯನ್ನು ಬಕೆಟ್ಟಿಗೆ ಹಾಕಿದಳು. ಮೇಲೆ ನಾಲ್ಕು ಸಿಪ್ಪೆ. ಆದರೂ ಅರ್ಧ ಬಕೆಟ್ಟು. ಅಷ್ಟರಲ್ಲಿ ಲಿಖಿತ ಹಲ್ಲುಜ್ಜಿಕೊಂಡು ಲೋಟ ಹಿಡಿದು ಬಂದಳು. ‘ಅದ್ಕೊಂದು ಲೋಟ ನೀರು ಹಾಕು ಪುಟ್ಟಿ, ತುಂಬಿದಂಗೆ ಕಾಣ್ಲಿ.’ ಅಂದಿನಿಂದ ಆ ಲೋಟ ಲಿಖಿತಳ ಕೆಲಸವಾಯಿತು. ನಲ್ಲಿಯ ಕೆಳಗೆ ಹಿಡಿದು, ಒಂದು ಹನಿಯೂ ಚೆಲ್ಲದ ಹಾಗೆ ಎರಡು ಕೈಯಲ್ಲಿ ತಂದು, ಬಕೆಟ್ಟಿಗೆ ಸುರಿದು, ‘ತುಂಬ್ತು’ ಎಂದು ಹೇಳಿ ಸ್ಕೂಲಿಗೆ ಹೊರಡುವಳು. ಒಂದು ಲೋಟ ಎರಡಾಯಿತು, ಎಷ್ಟಾಯಿತೋ. ಟೊಮೇಟೊ ಗಿಡ ಕಪ್ಪುಹಸಿರಾಗಿ ದಪ್ಪಗೆ ಎದ್ದವು.

ಪಾಪ ಅನ್ನಿಸಿದಾಗಲೆಲ್ಲ ಅವಳು ಇಂದ್ರಮ್ಮನ ಹಾಲನ್ನು ನೆನೆಸಿಕೊಳ್ಳುತ್ತಿದ್ದಳು. ಇಂದ್ರಮ್ಮನ ಹಾಲು ತೆಳು ಎಂದು ಬೀದಿಯಲ್ಲಿ ಎಲ್ಲರೂ ನಗುತ್ತಿದ್ದರು. ಕಾಸಿದರೆ ಕೆನೆ ಸೊಳ್ಳೆಯ ರೆಕ್ಕೆಯಷ್ಟು. ಅವಳು ಹಾಲಿಗೆ ಹಾಕುವುದಾದರೆ ನಾನು ಕಲಗಚ್ಚಿಗೆ ಹಾಕಿದರೇನು ಎಂದು ಮನಸ್ಸಿನೊಳಗೆ ಒಂದು ಪಂಚಾಯ್ತಿ ನಡೆದು ತೀರ್ಪು ಇವಳ ಪರವೇ ಆಗುತ್ತಿತ್ತು. ಆದರೂ ಇಂದ್ರಮ್ಮ ಬರುವ ಹೊತ್ತಿಗೆ ಸರಿಯಾಗಿ ಒಳಗೆ ಏನೋ ಕೆಲಸ ನೆನಪಾಗುವುದು. ಕದದ ಹಿಂದೆ ನಿಂತು, ಬಕೆಟ್ಟಿನ ಹಿಡಿ ಕಿರ್ ಎನ್ನುವುದು, ಚಪ್ಪಲಿಯ ಸದ್ದು ದೂರವಾಗುವುದು ಕೇಳಿದ ಮೇಲೆ ಹೊರಗೆ ಬರುವಳು. ಚಿಕ್ಕವಳಿದ್ದಾಗ ಯಲಿಯೂರಿನಲ್ಲಿ ಅಜ್ಜಿಯ ಮನೆಯ ಜಗುಲಿಯಲ್ಲೂ ಹೀಗೆಯೇ, ರೈಲು ದಾಟಿ ಅದರ ಸದ್ದು ಪೂರ್ತಿ ಇಂಗುವವರೆಗೆ ಕಿವಿ ಮುಚ್ಚಿಕೊಂಡಿರುತ್ತಿದ್ದಳು. ಸದ್ದು ಇಂಗಿದ ಮೇಲೆ ಅಜ್ಜಿ ಪಟ್ಟಲಮ್ಮ ನಿಲ್ಲಿಸಿದ್ದ ಕಥೆಯನ್ನು ಅಲ್ಲಿಂದಲೇ ಎತ್ತಿಕೊಳ್ಳುವಳು. ಏಳು ಜನ ಅಣ್ಣತಮ್ಮಂದಿರ ಮನೆಗೆ ಬಂದ ಕಿರಿಸೊಸೆ ಹೊಲಕ್ಕೆ ಕಳಿಸುವ ಮಜ್ಜಿಗೆಗೆ ಮೊದಲ ದಿನ ಒಂದು ಲೋಟ ನೀರು ಬೆರೆಸಿದಳಂತೆ, ಬೆಣ್ಣೆ ತನಗೆ ಉಳಿಯಲಿ ಎಂದು. ಮಾರನೇ ದಿನ ಇನ್ನೊಂದು. ಕೊನೆಗೆ ಗಡಿಗೆಯಲ್ಲಿ ಇದ್ದದ್ದು ಬರೀ ನೀರು. ಸತ್ತ ಮೇಲೆ ಬಾವಿಯ ಕಪ್ಪೆಯಾಗಿ ಹುಟ್ಟಿ, ‘ಒಂದ್ ಲೋಟ, ಒಂದ್ ಲೋಟ’ ಎಂದು ವಟಗುಡುತ್ತಾ ಇದ್ದಾಳಂತೆ ಇವತ್ತಿಗೂ. ‘ಹೊಲದವ್ರು ಏನೂ ಅನ್ಲಿಲ್ವಾ ಅಜ್ಜಿ?’ ಎಂದು ದೀಪಿಕ ಕೇಳಿದ್ದಳು. ‘ಯಾರೂ ಏನೂ ಅನ್ನಿಲ್ಲ ಕಣವ್ವ. ಮನೆ ಸೊಸೆ ಅಲ್ವಾ. ಎಲ್ರೂ ಕುಡುದ್ರು, ಮಜ್ಜಿಗೆ ಸಂದಾಗೇ ಅದೆ ಅಂದ್ರು’ ಎಂದಿದ್ದಳು ಅಜ್ಜಿ. ಕಪ್ಪೆಯಾದದ್ದಕ್ಕಿಂತ ಆ ಮಾತಿಗೇ ಆಗ ಹೆದರಿಕೆಯಾಗಿತ್ತು. ಯಾಕೆ ಎಂದು ಗೊತ್ತಾಗಿರಲಿಲ್ಲ.

‘ಯಾಕಮ್ಮಿ, ಇನ್ನೂ ಆಗ್ನಿಲ್ವಾ?’

ಅತ್ತೆ ಅಡುಗೆಮನೆಯ ಬಾಗಿಲಲ್ಲಿದ್ದರು. ಸೊಂಟದ ಮೇಲೆ ಗಗನ, ಅವರ ಸೆರಗಿಗೆ ಅಂಟಿಕೊಂಡು ಲಿಖಿತ. ‘ಇನ್ನೊಂದ್ಚೂರು ಅತ್ತೆ’ ಎಂದು ದೀಪಿಕ ಅಡ್ಡ ನಿಂತಳಾದರೂ ಅತ್ತೆಯ ಕೈ ಅವಳ ಪಕ್ಕದಿಂದ ಹಾದು ಮುಚ್ಚಳ ಎತ್ತಿತು. ಬೆರಳು ಅದ್ದಿ ನೋಡಿದರು.

‘ಇದೇನಮ್ಮಿ ಇದು, ಪಾನಕ ಆಗ್ಬುಟ್ಟದಲ್ಲ.’

ಆ ಗಳಿಗೆಯಲ್ಲಿ ಎಷ್ಟೊಂದು ಮಾತು ಆಡಬಹುದಿತ್ತು. ಹಾಲು ಜಾಸ್ತಿ ಬೆರೆಸಿಬಿಟ್ಟೆ ಅತ್ತೆ ಎನ್ನಬಹುದಿತ್ತು. ನನಗೆ ಬರಲ್ಲ ಎಂದರೂ ಅತ್ತೆ ಗೊಣಗಿ ಬಿಡುತ್ತಿದ್ದರು. ಆದರೆ ಗಂಡನ ಬಾಯಲ್ಲಿ ಒಡವೆಯಾಗಿದ್ದ ತನ್ನ ಅಚ್ಚುಕಟ್ಟುತನ ಈ ಒಂದು ತಟ್ಟೆಯಲ್ಲಿ ನೀರಾಗಿ ನಿಂತಿರುವುದನ್ನು ನೋಡಲಾಗದೆ, ‘ಇಂದ್ರಮ್ಮನೇ ನೀರು ಬೆರೆಸಿ ಕೊಟ್ಟವ್ರೆ ಅತ್ತೆ. ಅವ್ರ ಹಾಲೇ ಹಂಗೆ. ಬೀದಿಗೆಲ್ಲ ಗೊತ್ತು’ ಎಂದುಬಿಟ್ಟಳು. ಹೇಳಿದ್ದು ತನ್ನ ಬಾಯಿಯೇ ಎಂದು ಗೊತ್ತಾದದ್ದು ಮಾತು ಮುಗಿದ ಮೇಲೆ.

‘ಗಿಣ್ಣಿಗಾ?’ ಅತ್ತೆ ಗಗನನನ್ನು ಕೆಳಗಿಳಿಸಿದರು. ‘ಗಿಣ್ಣಿಗೆ ಯಾರಾರ ನೀರ್ ಬೆರಸ್ತಾರಾ? ಅಸಿನ ಕೆಚ್ಚಲು ಬತ್ತೋಯ್ತದೆ.’

‘ಹೋಗ್ಲಿ ಬುಡಿ ಅತ್ತೆ.’

‘ಬುಡಾದೇನು? ಕೊಡಾಕಾಗ್ದಿದ್ರೆ ಕೊಡಬ್ಯಾಡ್ದು. ಕೊಟ್ಟಂಗೆ ಮಾಡಿ ಮಕ್ಕಳ ಬಾಯ್ಗೆ ನೀರ್ ಉಯ್ಯದಾ?’

ಅವರು ಹೊರಟೇಬಿಟ್ಟಿದ್ದರು. ದೀಪಿಕ ಹಿಂದೆ ಓಡಿ ಸೆರಗು ಹಿಡಿಯುವುದೋ ಬಿಡುವುದೋ ಎನ್ನುವಷ್ಟರಲ್ಲಿ ಗೇಟಿನ ಚಿಲಕ ಬಿದ್ದ ಸದ್ದಾಯಿತು. ‘ಏ ಅಸಿನಮ್ಮ! ಬಾರವ್ವ ಇಲ್ಲಿ ಒಂದ್ಗಳ್ಗೆ!’ ಎದುರಿನ ಸೈಟಿನಲ್ಲಿ ಇಂದ್ರಮ್ಮ ಕರುವಿನ ಮೈ ಒರೆಸುತ್ತಿದ್ದಳು. ಕೈಯಲ್ಲಿದ್ದ ಗೋಣಿಚೀಲದ ಚೂರನ್ನು ಗೂಟಕ್ಕೆ ಸಿಕ್ಕಿಸಿ, ಸೊಂಟ ಹಿಡಿದುಕೊಂಡು ಎದ್ದು ಬಂದಳು. ಆ ನಡಿಗೆ ಎಷ್ಟು ನಿಧಾನವಾಗಿತ್ತೆಂದರೆ ಅಷ್ಟರಲ್ಲಿ ಒಂದು ಮಳೆ ಬರಬಹುದಿತ್ತು, ಕರೆಂಟು ಹೋಗಬಹುದಿತ್ತು, ಏನಾದರೂ ಆಗಬಹುದಿತ್ತು. ಏನೂ ಆಗಲಿಲ್ಲ. ಪಕ್ಕದ ಮನೆಯ ಕಿಟಕಿಯಲ್ಲಿ ವೀಣನ ಪರದೆ ಸ್ವಲ್ಪ ಸರಿಯಿತು.

‘ಯಾರು, ದೀಪಿಕನ ಅತ್ತೇನಾ? ಯಾವಾಗ ಬಂದ್ರಕ್ಕ? ಗಿಣ್ಣ ಎಂಗಿತ್ತು?’

‘ಅದ್ನೇ ಕೇಳಾಕೆ ಕರ್ದೆ. ಎಂಗದೆ ಅಂತ ನೀನೇ ನೋಡ್ಬಾ.’

ಅತ್ತೆ ಒಳಗಿನಿಂದ ತಟ್ಟೆಯನ್ನೇ ತಂದು ಜಗುಲಿಯ ಮೇಲಿಟ್ಟರು. ಇಂದ್ರಮ್ಮ ಬಗ್ಗಿ ನೋಡಿದಳು. ‘ಇದ್ಯಾಕಿಂಗಾಯ್ತು? ಮೊದಲ್ನೆ ದಿಸದ್ದು ಕೊಟ್ಟಿದ್ದು ಕಣಕ್ಕ. ಬೆರಳ್ಗೆ ಅಂಟಿದ್ರೆ ಬುಡ್ತಿರ್ನಿಲ್ಲ.’ ಆಮೇಲೆ ತಲೆಯೆತ್ತಿ ಅತ್ತೆಯ ಮುಖ ನೋಡಿ, ಅವರ ಹಿಂದೆ ಬಾಗಿಲ ಚೌಕಟ್ಟು ಹಿಡಿದು ನಿಂತ ದೀಪಿಕನ ಮುಖ ನೋಡಿದಳು. ‘ಓ, ನಾನ್ ನೀರಾಕ್ದೆ ಅಂತಾನಾ?’

ಅತ್ತೆ ತಟ್ಟೆಯನ್ನು ಅವಳ ಕಡೆಗೆ ಇನ್ನಷ್ಟು ತಳ್ಳಿದರು.

‘ಆಲಿಗೆ ಆಕ್ತೀನಿ’ ಎಂದಳು ಇಂದ್ರಮ್ಮ, ಗದ್ದ ಎತ್ತಿ, ವೀಣನ ಕಿಟಕಿಗೂ ಕೇಳುವ ಹಾಗೆ. ‘ಸುಳ್ಳ್ಯಾಕೆ ಏಳ್ಲಿ. ಒಂದೊಂದ್ ದಿಸ ಆಕ್ತೀನಿ, ಕೇಳ್ದೋರ್ಗೆಲ್ಲ ಇಲ್ಲ ಅನ್ನಕಾಯ್ತದಾ? ಆದ್ರೆ ಗಿಣ್ಣಿಗಾಕ್ತೀನಾ ತಾಯಿ? ನಂಗೆ ಅಸ ಬ್ಯಾಡ್ವಾ?’

‘ಇಂದ್ರಜ್ಜಿ ಹಾಕಿಲ್ಲ’ ಎಂದಿತು ಒಂದು ಸಣ್ಣ ದನಿ. ‘ನಾನು ಹಾಕಿದ್ದು.’

ಲಿಖಿತ ಜಗುಲಿಯ ಅಂಚಿಗೆ ಬಂದು ನಿಂತಿದ್ದಳು. ತಪ್ಪೊಪ್ಪಿಕೊಳ್ಳುವವರ ಮುಖವಲ್ಲ ಅದು, ಕ್ಲಾಸಿನಲ್ಲಿ ಕೈಯೆತ್ತಿದವರ ಮುಖ. ‘ಅಮ್ಮ ಪಾಪುಗೆ ತಿಂಡಿ ತಿನ್ನಿಸ್ತಿತ್ತಲ್ಲ, ಆಗ. ಚೊಂಬು ತುಂಬಿರ್ಲಿಲ್ಲ.’

‘ತುಂಬದಿದ್ರೆ ನೀರ್ಯಾಕೆ ಆಕ್ದೆ ಮಗ?’ ಅತ್ತೆಯ ದನಿ ಇಳಿದಿತ್ತು.

‘ತುಂಬಿದಂಗೆ ಕಾಣ್ಬೇಕಲ್ಲ. ಇಂದ್ರಜ್ಜಿ ಬಕೆಟ್ಗೂ ದಿನಾ ನಾನೇ ಹಾಕೋದು. ಗಟ್ಟಿದು ಅಮ್ಮ ಟೊಮೇಟೊಗೆ ಹಾಕುತ್ತೆ, ಆಮೇಲೆ ನಾನು ಲೋಟದಲ್ಲಿ ಹಾಕ್ತೀನಿ. ಚೆಲ್ಲಲ್ಲ ನಾನು. ಅಲ್ವಾಮ್ಮ?’

ದೀಪಿಕನಿಗೆ ಮೊದಲು ಕಂಡದ್ದು ಟೊಮೇಟೊ ಗಿಡಗಳು. ಗೋಡೆಗೆ ಬೆನ್ನು ಕೊಟ್ಟು, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಾ, ಕಾಯಿ ಭಾರಕ್ಕೆ ಬಾಗಿಕೊಂಡು, ಸಾಕ್ಷಿ ಹೇಳಲು ಬಂದವರಂತೆ ಸಾಲಾಗಿ ನಿಂತಿದ್ದವು. ಇಂದ್ರಮ್ಮ ಅವನ್ನು ನೋಡುತ್ತಿದ್ದಳು. ಅತ್ತೆಯೂ ನೋಡುತ್ತಿದ್ದರು. ಮಗಳು ಮಾತ್ರ ಅಮ್ಮನ ಮುಖವನ್ನು ನೋಡುತ್ತಿದ್ದಳು, ಹೌದು ಎನ್ನಲಿ ಎಂದು ಕಾಯುತ್ತಾ, ತಾನು ಚೆಲ್ಲುವುದಿಲ್ಲ ಎಂಬುದಕ್ಕೆ ಅಮ್ಮ ಸಾಕ್ಷಿ ಹೇಳಲಿ ಎಂದು. ದೀಪಿಕ ಮಗಳಿಗೆ ಎಷ್ಟೊಂದು ಕಲಿಸಿದ್ದೇನೆ ಎಂದುಕೊಂಡಿದ್ದಳು. ಬೀಜ ಊರುವುದು, ಬಳ್ಳಿ ಕಟ್ಟುವುದು, ಮುಸ್ಸಂಜೆ ಗಿಡ ಮುಟ್ಟಬಾರದೆನ್ನುವುದು. ಮಗಳು ಚೆನ್ನಾಗಿಯೇ ಕಲಿತಿದ್ದಳು.

‘ಹೂಂ, ಚೆಲ್ಲಲ್ಲ’ ಎಂದಳು ದೀಪಿಕ. ದನಿ ಯಾರದೋ ಆಗಿತ್ತು.

ಚಿಕ್ಕಬೋರಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಸೊಸೆಯ ಕಡೆ ತಿರುಗಲಿಲ್ಲ. ತಿರುಗಿ ಒಂದು ಬೈದಿದ್ದರೆ ಆಗುತ್ತಿತ್ತು. ಇಂದ್ರಮ್ಮನ ಕಡೆಗೇ ಎರಡು ಹೆಜ್ಜೆ ಹೋಗಿ, ‘ಕರ್ದು ಮಾತಾಡ್ಬುಟ್ಟೆ ಕಣವ್ವ, ಒಟ್ಟೆಗಾಕೋ. ನಮ್ಮನೆ ಎಣ್ಣು, ಏನೋ ತಿಳೀದೆ ಮಾಡ್ಬುಟ್ಟದೆ’ ಎಂದರು. ಊರಿನಲ್ಲಿ ಯಾರ ಮುಂದೆಯೂ ದನಿ ತಗ್ಗಿಸದವರು, ಸೆಗಣಿ ಕೈಯ ಒಬ್ಬ ಅಪರಿಚಿತಳ ಮುಂದೆ, ತಾವು ಮಾಡದ್ದಕ್ಕೆ. ದೀಪಿಕ ಚೌಕಟ್ಟನ್ನು ಇನ್ನೂ ಬಿಗಿಯಾಗಿ ಹಿಡಿದಳು.

‘ಅಯ್ಯೋ ಬುಡಕ್ಕ’ ಎಂದು ಇಂದ್ರಮ್ಮ ಕೈ ಬೀಸಿದಳು. ‘ನಂಗೊತ್ತಿರ್ನಿಲ್ವಾ? ನಂಗಿಂತ ಮೊದ್ಲು ಅಸೀಗೆ ಗೊತ್ತಾಯ್ತು. ಈ ಮನೆ ಬಕೀಟು ಮಡಗಿದ್ರೆ ಮೂಸಿ ಮಕ ತಿರುಗಿಸ್ಕತಿತ್ತು. ನಾನೇ ಆ ದಾಸವಾಳದ ಬುಡುಕ್ಕೆ ಉಯ್ತಿದ್ದೆ.’

‘ಮತ್ಯಾಕವ್ವ ದಿನಾ ಒತ್ಕಂಡೋಯ್ತಿದ್ದೆ, ಆ ಬಾರಾನ?’

‘ಇನ್ನೇನ್ ಮಾಡ್ಲಿ? ಎಲ್ಲಾರ ಮನೆದೂ ಎತ್ಕಂಡು ಇವ್ರುದ್ನ ಒಂದ್ನ ಬುಟ್ಟೋದ್ರೆ ಬೀದಿ ಸುಮ್ಕಿರ್ತದಾ? ಸಣ್ಣ ವಯಸ್ಸಿನ ಎಣ್ಣು, ಮಕ್ಕಳೊಂದಿಗಳು.’ ಅಷ್ಟು ಹೇಳಿ, ಮಾತು ತೀರಾ ಒಳ್ಳೆಯದಾಗಿಬಿಟ್ಟಿತೆಂದು ನಾಚಿದವಳಂತೆ, ದೀಪಿಕನ ಕಡೆ ನೋಡಿ ವೀಳ್ಯದ ಹಲ್ಲು ಬಿಟ್ಟು ನಕ್ಕಳು. ‘ನಾನು ಆಲಿಗೆ, ನೀನು ಕಲಗಚ್ಚಿಗೆ. ಇಬ್ರೂ ನಲ್ಲಿ ನಂಬ್ಕಂಡವ್ರೇ ಅನ್ನವ್ವ!’

ಅತ್ತೆ ನಕ್ಕರು. ವೀಣನ ಪರದೆಯ ಹಿಂದೆಯೂ ಯಾರೋ ನಕ್ಕರು. ಯಾಕೆಂದು ಗೊತ್ತಿಲ್ಲದೆ ಲಿಖಿತ ಎಲ್ಲರಿಗಿಂತ ಜೋರಾಗಿ ನಕ್ಕಳು. ದೀಪಿಕನೂ ನಗಬೇಕಿತ್ತು, ತುಟಿಯನ್ನು ಅಗಲ ಮಾಡಿದಳು. ಒಳಗೆ ದೇವರ ಪಟಕ್ಕೆ ಇಟ್ಟಿದ್ದ ಕೆಂಪು ದಾಸವಾಳ ನೆನಪಾಯಿತು. ಶುಕ್ರವಾರ ಶುಕ್ರವಾರ ಇಂದ್ರಮ್ಮನೇ ಬಕೆಟ್ಟಿನ ಪಕ್ಕ ಎಲೆಯಲ್ಲಿ ಇಟ್ಟು ಹೋಗುತ್ತಿದ್ದ ಹೂವು. ‘ಇಂದ್ರಮ್ಮ...’ ಎಂದು ಬಾಯಿ ತೆಗೆದಳು. ಮುಂದಿನ ಮಾತು ಬರುವ ಮೊದಲೇ ಸೈಟಿನಲ್ಲಿ ಕರು ಅಂಬಾ ಎಂದಿತು. ‘ಬಂದೆ ಕಣಪ್ಪ, ಬತ್ತೀನಿ ತಡಿ’ ಎಂದು ಮುದುಕಿ ತಿರುಗಿ ಹೊರಟುಹೋದಳು.

ಗಿಣ್ಣು ಚೆಲ್ಲಬಾರದು ಎಂದು ಅತ್ತೆ ಅದನ್ನು ಲೋಟಗಳಿಗೆ ಹುಯ್ದರು. ಎಲ್ಲರೂ ಕುಡಿದರು. ‘ಬೆಲ್ಲ ಸರಿಯಾಗೇ ಅದೆ’ ಎಂದರು ಅತ್ತೆ. ‘ಸಂದಾಗೇ ಅದೆ’ ಎಂದೂ ಅಂದರು. ದೀಪಿಕ ಲೋಟವನ್ನು ತುಟಿಗಿಟ್ಟವಳು ಅಲ್ಲಿಯೇ ನಿಂತಳು. ಅಜ್ಜಿಯ ಜಗುಲಿಯಲ್ಲಿ ರೈಲಿನ ಸದ್ದು ಇಂಗಿದ ಮೇಲಿನ ಆ ಮೌನ ಬಂದು ಕಿವಿಯಲ್ಲಿ ಕೂತಿತು. ಆಮೇಲೆ ಕಣ್ಣು ಮುಚ್ಚಿ ಅಷ್ಟನ್ನೂ ಕುಡಿದಳು. ತಳದಲ್ಲಿ ಉಳಿದ ಹರಳುಗಳನ್ನೂ ಬೆರಳಿನಿಂದ ತೆಗೆದು ತಿಂದಳು. ಖಾಲಿ ಚೊಂಬನ್ನು ಹಾಗೇ ಹಿಂದಕ್ಕೆ ಕಳಿಸಬಾರದು. ತೊಳೆದ ನೀರನ್ನು ಮೋರಿಗೆ ಬಿಡಬಾರದೆಂದು ಗಿಡದ ಬುಡಕ್ಕೆ ಹಾಕಲು ಹೋದವಳು, ಟೊಮೇಟೊ ಮುಂದೆ ನಿಂತು, ಯಾಕೋ ಹೀರೆಬಳ್ಳಿಗೆ ಹಾಕಿ ಬಂದಳು. ಚೊಂಬಿನೊಳಗೆ ಅತ್ತೆ ತಂದ ಬೆಲ್ಲದ ಒಂದು ಉಂಡೆ ಇಟ್ಟಳು. ಟೊಮೇಟೊ ಇಡಲೇ ಎಂದು ಒಮ್ಮೆ ಅನ್ನಿಸಿತು. ಆ ಯೋಚನೆಗೇ ಮುಖ ಸುಟ್ಟಿತು. ಚೊಂಬನ್ನು ಅತ್ತೆಯೇ ಕೊಟ್ಟು ಬಂದರು.

ಮಾರನೆಯ ಬೆಳಿಗ್ಗೆ ಅವಳು ಅಕ್ಕಿ ತೊಳೆದ ಮೊದಲ ನೀರನ್ನು ಬಕೆಟ್ಟಿಗೆ ಹಾಕಿದಳು. ಎರಡನೆಯದನ್ನೂ ಹಾಕಿದಳು. ಬೀನ್ಸಿನ ನಾರು, ಸೋರೆ ಸಿಪ್ಪೆ, ರಾತ್ರಿಯ ಗಂಜಿ. ಮೇಲೆ ಏನೂ ಸೇರಿಸದ ಬಕೆಟ್ಟು ಅರ್ಧಕ್ಕೇ ನಿಂತುಬಿಟ್ಟಿತು. ಒಂದು ಮನೆಯಲ್ಲಿ ಇಷ್ಟೇ ಏನು ಆಗುವುದು, ಇಷ್ಟು ದಿನ ಏನನ್ನು ನೋಡಿ ತುಂಬಿದೆ ಎಂದುಕೊಂಡಿದ್ದೆ ಎಂದು ಅದನ್ನೇ ನೋಡುತ್ತಾ ನಿಂತಳು. ಬಟ್ಟೆ ಜಾರಿದವರ ಹಾಗೆ ಕಾಣುತ್ತಿತ್ತು ಅದು. ಬಾಯಿ ತುಂಬ ಪೇಸ್ಟಿನ ನೊರೆಯೊಂದಿಗೆ ಲಿಖಿತ ಬಂದಳು, ಎರಡು ಕೈಯಲ್ಲೂ ಲೋಟ ಹಿಡಿದು, ಹನಿಯೂ ಚೆಲ್ಲದೆ.

‘ಬೇಡ ಪುಟ್ಟಿ.’

‘ಯಾಕೆ? ತುಂಬಿಲ್ಲ ನೋಡು.’

‘ತುಂಬದಿದ್ರೂ ಪರವಾಗಿಲ್ಲ.’

‘ತುಂಬಿದಂಗೆ ಕಾಣ್ಬೇಡ್ವಾ?’

ಬೀದಿಯ ತುದಿಯಲ್ಲಿ ಚಪ್ಪಲಿಯ ಸದ್ದು ಕೇಳಿಸಿತು. ದೀಪಿಕ ಮಗಳ ಕೈಯಿಂದ ಲೋಟ ತೆಗೆದುಕೊಂಡಳು. ನಿಲ್ಲಬೇಕು, ಇವತ್ತಾದರೂ ಗೇಟಿನ ಬಳಿ ನಿಲ್ಲಬೇಕು ಎಂದುಕೊಂಡೇ ರಾತ್ರಿ ಮಲಗಿದ್ದಳು. ಕಾಲುಗಳು ಅವಳನ್ನು ಕೇಳದೆ ಒಳಗೆ ತಂದು ಕದದ ಹಿಂದೆ ನಿಲ್ಲಿಸಿದ್ದವು. ಸಂದಿಯಿಂದ ಕಂಡದ್ದು ಮಗಳ ಬೆನ್ನು ಮಾತ್ರ, ಗೇಟಿಗೆ ಜೋತುಬಿದ್ದ ಪುಟ್ಟ ಬೆನ್ನು.

‘ಇಂದ್ರಜ್ಜೀ! ಇವತ್ತು ನೀರು ಹಾಕಿಲ್ಲ!’

ಬೀದಿಯ ಈ ತುದಿಯಿಂದ ಆ ತುದಿಗೆ ಕೇಳುವ ಹಾಗೆ. ದಿನವೂ ಹೇಳುತ್ತಾಳೆ ಇವಳು, ನಾಳೆಯೂ ನಾಡಿದ್ದೂ, ಇದು ಇವಳ ಹೊಸ ಕೆಲಸ ಎಂದು ದೀಪಿಕನಿಗೆ ಅನ್ನಿಸಿತು. ಬಕೆಟ್ಟಿನ ಹಿಡಿ ಕಿರ್ ಎಂದಿತು.

‘ಊ ಕಣವ್ವ, ಎತ್ತಿದ್ ಕೂಡ್ಲೇ ತಿಳೀತದೆ. ಇವತ್ತು ಎಷ್ಟು ಅಗುರಾಗದೆ ನೋಡು!’

ಚಪ್ಪಲಿಯ ಸದ್ದು ದೂರವಾಯಿತು. ಮುಂದಿನ ಮನೆಯ ಗೇಟಿನಲ್ಲಿ ನಿಂತಿತು, ಮತ್ತೆ ಹೊರಟಿತು. ಕದದ ಹಿಂದೆ ದೀಪಿಕ ತುಂಬಿದ ಲೋಟವನ್ನು ಹಿಡಿದು, ಅದನ್ನು ಎಲ್ಲಿ ಸುರಿಯುವುದೆಂದು ತಿಳಿಯದೆ, ಹನಿಯೂ ಚೆಲ್ಲದ ಹಾಗೆ ನಿಂತಿದ್ದಳು.